ಪದಭಂಡಾರಿ ಪೀಟರ್ ಮಾರ್ಕ್ ರೋಜೆ

ಮನದಲ್ಲಿ ಭಾವವು ಸ್ಪಷ್ಟವಾಗಿದ್ದರೂ ಅದನ್ನು ಹೊರಗೆಡಹುವ ತಕ್ಕ ಪದ ದೊರೆಯದೆ ತಡವರಿಸುವ ಅನುಭವ ವಿದ್ಯಾವಂತರಿಗೂ ಹೊಸದಲ್ಲ. ಆಂಗ್ಲ ಭಾಷೆಯನ್ನು ಪರಭಾಷೆಯಾಗಿ ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ಈ ತೊಡಕು ಇಮ್ಮಡಿಯಾಗುತ್ತದೆ. ಆ ಭಾಷೆಯಲ್ಲಿ ಒಂದೇ ಪದಕ್ಕೆ ಹಲವು ಅರ್ಥಗಳಿರುವುದು ಬಹು ಸಾಮಾನ್ಯ. ‘ಲೈಟ್’ ಎಂಬುದು ಬೆಳಕೂ ಹೌದು, ತೂಕದಲ್ಲಿ ಹಗುರವೂ ಹೌದು, ಸುಲಭವೂ ಹೌದು. ನಮ್ಮ ನುಡಿಯಲ್ಲಿಯೂ ಇಂಥವು ಇಲ್ಲದಿಲ್ಲ. ‘ಅರಸು’ ಎಂಬ ಪದಕ್ಕೆ ಸಮಾನಪದ ಯಾವುದು ಎಂದು ಕೇಳಿದರೆ, ದೊರೆಯನ್ನು ಕುರಿತು ಕೇಳಿದಿರೋ ಹುಡುಕುವುದನ್ನು ಕುರಿತು ಕೇಳಿದಿರೋ ಎಂದು ಮೊದಲು ಮರುಪ್ರಶ್ನೆ ಹಾಕಬೇಕಾಗುತ್ತದೆ. ಈ ಮರುಪ್ರಶ್ನೆಯನ್ನೇ ತಳಹದಿಯಾಗಿಸಿಕೊಂಡು ಆಂಗ್ಲ ಭಾಷೆಯ ಪದಸಂಪತ್ತಿಗೆ ಒಂದು ವ್ಯವಸ್ಥೆಯನ್ನು ಕಟ್ಟಿಕೊಟ್ಟ ಮಹನೀಯರು ಪೀಟರ್ ಮಾರ್ಕ್ ರೋಜೆ. ಅವರು ವೃತ್ತಿಯಿಂದ ಭಾಷಾಪಂಡಿತರಲ್ಲ, ವೈದ್ಯರು ಎಂಬುದು ವಿಶೇಷ.

ರೋಜೆಯವರು 1779ರ ಜನವರಿ 18ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಜಾನ್ ರೋಜೆ ಜಿನೀವಾದಿಂದ ಬಂದು ಲಂಡನ್ನಿನ ಫ್ರೆಂಚ್ ಪ್ರಾಟೆಸ್ಟಂಟ್ ಸಭೆಯೊಂದರ ಪಾದ್ರಿಯಾಗಿದ್ದವರು. ಮನೆತನದ ಹೆಸರು ಫ್ರೆಂಚ್ ಮೂಲದ್ದಾದ್ದರಿಂದಲೇ ಅದರ ಕೊನೆಯ ಅಕ್ಷರವನ್ನು ಉಚ್ಚರಿಸುವ ವಾಡಿಕೆಯಿಲ್ಲ. ತಾಯಿ ಕ್ಯಾಥರೀನ್, ಕ್ಷುಲ್ಲಕ ಅಪರಾಧಗಳಿಗೂ ಮರಣದಂಡನೆ ವಿಧಿಸುತ್ತಿದ್ದ ಇಂಗ್ಲೆಂಡಿನ ಕಾನೂನುಗಳ ವಿರುದ್ಧ ಹೋರಾಡಿದ ಸರ್ ಸ್ಯಾಮ್ಯುಯಲ್ ರಾಮಿಲಿಯವರ ಸೋದರಿ. ಮಗನಿಗೆ ಐದು ವರ್ಷ ತುಂಬುವ ಮೊದಲೇ, 1783ರಲ್ಲಿ, ತಂದೆ ಕ್ಷಯರೋಗದಿಂದ ತೀರಿಕೊಂಡರು. ತಾಯಿಯ ಪೋಷಣೆಯೂ ಸೋದರಮಾವನ ಆಶ್ರಯವೂ ಆ ಬಾಲಕನನ್ನು ಬೆಳೆಸಿದವು.

ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಎಡಿನ್‌ಬರೊ ವಿಶ್ವವಿದ್ಯಾನಿಲಯವನ್ನು ಸೇರಿದ ರೋಜೆ 1798ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ವೈದ್ಯಪದವಿಯನ್ನು ಪಡೆದರು. ಅಷ್ಟು ಚಿಕ್ಕ ವಯಸ್ಸಿನ ವೈದ್ಯನನ್ನು ನಂಬಿ ಬರುವ ರೋಗಿಗಳು ವಿರಳ. ಆದುದರಿಂದ ಕೆಲಕಾಲ ಬ್ರಿಸ್ಟಲ್ಲಿನಲ್ಲಿ ಅನಿಲಗಳಿಂದ ರೋಗ ಗುಣಪಡಿಸುವ ಪ್ರಯೋಗ ನಡೆಸುತ್ತಿದ್ದ ಥಾಮಸ್ ಬೆಡೋಸ್‌ರ ಸಂಸ್ಥೆಯಲ್ಲಿಯೂ ಅನಂತರ ಇತರೆಡೆಗಳಲ್ಲಿಯೂ ಅನುಭವ ಗಳಿಸಿದರು. 1802ರಲ್ಲಿ ಮ್ಯಾಂಚೆಸ್ಟರಿನ ಶ್ರೀಮಂತ ವರ್ತಕರೊಬ್ಬರ ಇಬ್ಬರು ಪುತ್ರರಿಗೆ ಉಪಾಧ್ಯಾಯರಾಗಿ ಅವರೊಡನೆ ಯೂರೋಪಿನ ಪ್ರವಾಸ ಕೈಗೊಂಡರು.

ಈ ಪ್ರವಾಸವು ಅವರ ಬಾಳಿನ ಕಠಿಣ ಪರೀಕ್ಷೆಯಾಗಿ ಪರಿಣಮಿಸಿತು. 1803ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಆರಂಭವಾಗಲು, ಫ್ರೆಂಚ್ ಆಡಳಿತದ ಪ್ರದೇಶದಲ್ಲಿದ್ದ ಆಂಗ್ಲ ಪುರುಷರೆಲ್ಲರನ್ನೂ ಸೆರೆಹಿಡಿಯಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದನು. ರೋಜೆಯವರು ಆಗ ಜಿನೀವಾದಲ್ಲಿದ್ದರು. ಜಿನೀವಾ ಆಗ ಫ್ರಾನ್ಸಿನ ವಶದಲ್ಲಿತ್ತು. ತಂದೆಯ ಜನ್ಮಸ್ಥಳ ಆ ನಗರವೇ ಎಂಬ ದಾಖಲೆಯನ್ನು ಮುಂದಿಟ್ಟು, ತಾನು ಜಿನೀವಾದ ನಾಗರಿಕನೆಂದು ಸಾಧಿಸಿ ಅವರು ಬಿಡುಗಡೆ ಪಡೆದರು. ಬಳಿಕ ತಮ್ಮ ಶಿಷ್ಯರನ್ನು ಅಡ್ಡದಾರಿಗಳಲ್ಲಿ, ವೇಷ ಮರೆಸಿಕೊಂಡು, ಗಡಿ ದಾಟಿಸಿ ಸ್ವದೇಶಕ್ಕೆ ಕ್ಷೇಮವಾಗಿ ತಲುಪಿಸಿದರು. ತನ್ನನ್ನು ನಂಬಿದ ವಿದ್ಯಾರ್ಥಿಗಳನ್ನು ಸಂಕಟದಲ್ಲಿ ಕೈಬಿಡದ ಈ ಉಪಾಧ್ಯಾಯಧರ್ಮ ಸ್ಮರಣೀಯವಾದುದು.

1804ರಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾಗಿ ನಿಯುಕ್ತರಾದ ರೋಜೆಯವರು ಉಪನ್ಯಾಸ, ಲೇಖನಗಳಲ್ಲಿಯೂ ತೊಡಗಿದರು. ಅಭಿವ್ಯಕ್ತಿಯಲ್ಲಿ ತಮಗಿರುವ ಕೊರತೆಯನ್ನು ತುಂಬಿಕೊಳ್ಳಬೇಕೆಂದು, 1805ರಲ್ಲಿ, ಪದಗಳನ್ನು ಅರ್ಥಾನುಸಾರವಾಗಿ ವಿಂಗಡಿಸಿದ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡರು. ಅದು ಅಚ್ಚಿಗಾಗಿ ಬರೆದುದಲ್ಲ. ಸ್ವಂತ ಉಪಯೋಗಕ್ಕಾಗಿ ಮಾಡಿಕೊಂಡುದು. ಮುಂದೆ ಸುಮಾರು ನಾಲ್ಕೂವರೆ ದಶಕಗಳ ಕಾಲ ಆ ಹಸ್ತಪ್ರತಿ ಅವರ ಮೇಜಿನ ಸಂಗಾತಿಯಾಗಿ ಉಳಿಯಿತು.

1808ರಲ್ಲಿ ಅವರು ಲಂಡನ್ನಿಗೆ ಬಂದು ನೆಲೆಸಿದರು. ಬಡವರಿಗಾಗಿ ಸ್ಥಾಪಿತವಾದ ಧರ್ಮಾರ್ಥ ಚಿಕಿತ್ಸಾಲಯವೊಂದಕ್ಕೆ ಆರಂಭದಿಂದಲೂ ದುಡಿದರು. ಘಾತಾಂಕಗಳನ್ನೂ ಮೂಲಗಳನ್ನೂ ಸುಲಭವಾಗಿ ಲೆಕ್ಕಹಾಕಲು ನೆರವಾಗುವ ಒಂದು ಬಗೆಯ ಗಣನಪಟ್ಟಿಯನ್ನು ರೂಪಿಸಿ, 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದರು. ಕಿಂಡಿಗಳ ಮೂಲಕ ನೋಡಿದಾಗ ಉರುಳುವ ಚಕ್ರದ ಅರೆಕಾಲುಗಳು ಬಾಗಿದಂತೆ ತೋರುವುದೇಕೆ ಎಂಬುದನ್ನು ಕುರಿತು 1824ರಲ್ಲಿ ಅವರು ಮಂಡಿಸಿದ ಪ್ರಬಂಧವನ್ನು, ಚಲಚ್ಚಿತ್ರದ ಪೂರ್ವೇತಿಹಾಸವನ್ನು ಬರೆಯುವವರು ಇಂದಿಗೂ ನೆನೆಯುತ್ತಾರೆ. 1827ರಿಂದ 1848ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದರು. ಪ್ರಾಣಿಗಳ ಮತ್ತು ಸಸ್ಯಗಳ ಶರೀರಕ್ರಿಯೆಯನ್ನು ಕುರಿತ ಅವರ ಬೃಹದ್ಗ್ರಂಥ 1834ರಲ್ಲಿ ಪ್ರಕಟವಾಯಿತು.

ಹೊರಗಣ್ಣಿಗೆ ಇದು ಯಶಸ್ಸಿನ ಸರಣಿ. ಒಳಗೆ ದುಃಖದ ಸರಣಿಯೂ ಇತ್ತು. 1818ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಪತ್ನಿಯನ್ನು ಕಳೆದುಕೊಂಡ ಸೋದರಮಾವ ರಾಮಿಲಿಯವರು ಶೋಕವನ್ನು ತಾಳಲಾರದೆ ಕೆಲವೇ ದಿನಗಳಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆ ದಿನಗಳಲ್ಲಿ ಅವರ ಆರೈಕೆಗೆ ನಿಂತಿದ್ದ ರೋಜೆಯವರಿಗೆ, ತಂದೆಯಂತಿದ್ದವರನ್ನು ಉಳಿಸಿಕೊಳ್ಳಲಾಗಲಿಲ್ಲ. 1824ರಲ್ಲಿ ಮೇರಿ ಹಾಬ್ಸನ್ ಎಂಬವರನ್ನು ವರಿಸಿ ಇಬ್ಬರು ಮಕ್ಕಳನ್ನು ಪಡೆದರು. ಒಂಬತ್ತು ವರ್ಷಗಳಲ್ಲಿಯೇ ಆಕೆಯೂ ಅರ್ಬುದರೋಗಕ್ಕೆ ತುತ್ತಾದರು. ಇಷ್ಟೆಲ್ಲ ಆಘಾತಗಳ ನಡುವೆಯೂ ಅವರ ನಿತ್ಯದ ದುಡಿಮೆ ನಿಲ್ಲಲಿಲ್ಲ. ಅಸ್ತವ್ಯಸ್ತವಾದುದನ್ನು ಕ್ರಮಕ್ಕೆ ತರುವ ಕಾಯಕದಲ್ಲಿಯೇ ಅವರ ಮನಸ್ಸು ಆಸರೆಯನ್ನು ಕಂಡುಕೊಂಡಿತೆಂದು ಭಾವಿಸಲು ಅವಕಾಶವಿದೆ.

ಕಾರ್ಯದರ್ಶಿ ಪದವಿಯಿಂದ ನಿವೃತ್ತರಾದ ಮೇಲೆ ಅವರು ಹಳೆಯ ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡರು. ಹಗಲಿರುಳೆನ್ನದೆ ದುಡಿದು, 1852ರಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಲಾಂಗ್‌ಮನ್ ಪ್ರಕಾಶನದ ಮೂಲಕ ‘ಥಿಸಾರಸ್’ ಎಂಬ ಗ್ರಂಥವನ್ನು ಹೊರತಂದರು. ಗ್ರೀಕ್ ಮೂಲದ ಆ ಶಬ್ದಕ್ಕೆ ನಿಧಿ, ಭಂಡಾರ ಎಂದರ್ಥ. ನಮ್ಮ ‘ಕೋಶ’ ಶಬ್ದವೂ ಬೊಕ್ಕಸವನ್ನೂ ಪದಸಂಗ್ರಹವನ್ನೂ ಏಕಕಾಲದಲ್ಲಿ ಸೂಚಿಸುವುದನ್ನು ಇಲ್ಲಿ ನೆನೆಯಬಹುದು.

ಸಮಾನಪದಗಳ ಗ್ರಂಥಗಳು ಇಂಗ್ಲೆಂಡಿನಲ್ಲಿ ಮೊದಲೇ ಇದ್ದವು. ಹೆಸ್ಟರ್ ಪಿಯೋಜಿಯವರ ಗ್ರಂಥ 1794ರಲ್ಲಿಯೂ ಜಾರ್ಜ್ ಕ್ರ್ಯಾಬರದು 1816ರಲ್ಲಿಯೂ ಪ್ರಕಟವಾಗಿದ್ದವು. ಅವು ಪದದಿಂದ ಹೊರಟು ಅರ್ಥಭೇದಗಳನ್ನು ವಿವರಿಸುವಂಥವು. ರೋಜೆಯವರ ಮಾರ್ಗ ಇದಕ್ಕೆ ವಿಪರೀತ. ಅವರದು ಭಾವದಿಂದ ಪದದ ಕಡೆಗೆ ಸಾಗುವ ಮಾರ್ಗ. ಅಮೂರ್ತ ಸಂಬಂಧಗಳು, ದೇಶ, ದ್ರವ್ಯ, ಬುದ್ಧಿ, ಇಚ್ಛೆ, ಭಾವನೆ ಎಂದು ಆರು ಮಹಾವರ್ಗಗಳನ್ನು ಮಾಡಿ, ಅವುಗಳನ್ನು ಒಂದು ಸಾವಿರ ಶೀರ್ಷಿಕೆಗಳಾಗಿ ಒಡೆದು, ಪ್ರತಿಯೊಂದು ಶೀರ್ಷಿಕೆಯ ಅಡಿಯಲ್ಲಿ ಆ ಭಾವಕ್ಕೆ ಸೇರಿದ ಪದಗಳನ್ನು ಕಲೆಹಾಕಿದರು. ಸಾಧ್ಯವಾದೆಡೆಗಳಲ್ಲೆಲ್ಲ ವಿರುದ್ಧ ಭಾವಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಮುದ್ರಿಸಿದರು.

ನಾನಾರ್ಥ ಪದಗಳ ಸಮಸ್ಯೆಗೆ ಪರಿಹಾರ ದೊರೆತುದು ಈ ವ್ಯವಸ್ಥೆಯಲ್ಲಿಯೇ. ಒಂದು ಪದಕ್ಕೆ ನಾಲ್ಕು ಅರ್ಥಗಳಿದ್ದರೆ ಅದು ನಾಲ್ಕು ಶೀರ್ಷಿಕೆಗಳಲ್ಲಿ ನೆಲೆಗೊಳ್ಳುತ್ತದೆ. ಬೆಳಕೆಂಬ ಅರ್ಥದ ‘ಲೈಟ್’ ದ್ರವ್ಯವರ್ಗದಲ್ಲಿ ಪ್ರಭೆಯ ಬಳಗದೊಡನೆ ಇದ್ದರೆ, ಹಗುರವೆಂಬ ಅರ್ಥದ ‘ಲೈಟ್’ ಅದೇ ವರ್ಗದಲ್ಲಿ ಬೇರೊಂದು ಮನೆಯಲ್ಲಿದೆ. ಸುಲಭವೆಂಬ ಭಾವಕ್ಕೆ ಇಚ್ಛಾವರ್ಗದಲ್ಲಿ ಸ್ಥಾನ. ಗ್ರಂಥದ ಕೊನೆಯ ಅಕಾರಾದಿ ಸೂಚಿಯಲ್ಲಿ ಪದದ ಮುಂದೆ ಅದರ ಬೇರೆ ಬೇರೆ ಅರ್ಥಗಳನ್ನೂ ಆಯಾ ಶೀರ್ಷಿಕೆಯ ಸಂಖ್ಯೆಯನ್ನೂ ಕಾಣಿಸಲಾಗಿದೆ. ಆದುದರಿಂದ ಸಮಾನಪದವನ್ನು ಅರಸಿ ಬಂದವನು ತನಗೆ ಬೇಕಾದ ಅರ್ಥ ಯಾವುದೆಂಬುದನ್ನು ಮೊದಲು ನಿರ್ಧರಿಸದೆ ಮುಂದೆ ಹೆಜ್ಜೆಯಿಡಲಾರ. ವಿರುದ್ಧಪದಗಳ ವಿಚಾರವೂ ಹೀಗೆಯೇ. ‘ಓಲ್ಡ್’ ಎಂಬುದಕ್ಕೆ ಹೊಸದು ಎಂಬುದೂ ವಿರುದ್ಧ, ಎಳೆಯ ಎಂಬುದೂ ವಿರುದ್ಧ. ವಸ್ತುವಿನ ಮಾತೋ ವಯಸ್ಸಿನ ಮಾತೋ ಎಂಬುದು ತಿಳಿಯದೆ ಉತ್ತರವಿಲ್ಲ. ಇದನ್ನು ರೋಜೆಯವರು ತಮ್ಮ ಪೀಠಿಕೆಯಲ್ಲಿ ವಿವೇಚಿಸಿದ್ದಾರೆ. ಪದಗಳಿಗೆ ಅವರು ವ್ಯಾಖ್ಯೆ ಕೊಡಲಿಲ್ಲ. ಬಳಗದಿಂದ ತಕ್ಕುದನ್ನು ಆರಿಸುವ ಹೊಣೆಯನ್ನು ಓದುಗನ ವಿವೇಕಕ್ಕೇ ಬಿಟ್ಟರು.

ಭಾರತೀಯರಾದ ನಮಗೆ ಹರ್ಷ ತರುವ ಸಂಗತಿಯೊಂದು ಆ ಪೀಠಿಕೆಯಲ್ಲಿದೆ. ಅರ್ಥಾನುಸಾರವಾದ ಪದವಿಂಗಡಣೆಯ ಪೂರ್ವಪ್ರಯತ್ನಗಳನ್ನು ಹೆಸರಿಸುವಾಗ ಅವರು, ಕೋಲ್‌ಬ್ರೂಕರ ಆಂಗ್ಲಾನುವಾದದೊಡನೆ 1808ರಲ್ಲಿ ಸೆರಾಂಪುರದಲ್ಲಿ ಮುದ್ರಿತವಾದ ಅಮರಸಿಂಹನ ಕೋಶವನ್ನು ಉಲ್ಲೇಖಿಸಿದ್ದಾರೆ. ಅಮೂರ್ತ ಭಾವಗಳ ವಿಂಗಡಣೆಯಲ್ಲಿ ಅದು ಅಪೂರ್ಣವೆಂಬುದು ಅವರ ಅಭಿಪ್ರಾಯ. ಅಮರಕೋಶವು ಕಂಠಪಾಠಕ್ಕಾಗಿ ಶ್ಲೋಕಬದ್ಧವಾದ ಕೃತಿ. ಅದರ ಉದ್ದೇಶವೇ ಬೇರೆ. ಆದರೂ ಸ್ವರ್ಗಾದಿ ವರ್ಗಗಳಲ್ಲಿ ಪರ್ಯಾಯಪದಗಳನ್ನು ಜೋಡಿಸಿ, ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಪ್ರತ್ಯೇಕ ಭಾಗವನ್ನೇ ಇರಿಸಿದ ಆ ಪ್ರಾಚೀನ ಕೋಶಕಾರನೂ ಇದೇ ಸಮಸ್ಯೆಯನ್ನು ಎದುರಿಸಿದ್ದನೆಂಬುದು ಸ್ಪಷ್ಟ. ಆ ಕೋಶಕ್ಕೆ ನಾಚಿರಾಜನು ಕನ್ನಡ ಟೀಕೆಯನ್ನು ಬರೆದಿರುವುದು ಬಲ್ಲವರಿಗೆ ತಿಳಿದೇ ಇದೆ.

ರೋಜೆಯವರು ಕೊನೆಯವರೆಗೂ ತಮ್ಮ ಗ್ರಂಥವನ್ನು ತಿದ್ದುತ್ತ, ಹೊಸ ಪದಗಳನ್ನು ಸೇರಿಸುತ್ತ ಹೋದರು. ಅವರ ಜೀವಿತಕಾಲದಲ್ಲಿಯೇ ಅದು ಇಪ್ಪತ್ತೈದಕ್ಕೂ ಹೆಚ್ಚು ಸಲ ಮುದ್ರಣಗೊಂಡಿತು. 1869ರ ಸೆಪ್ಟೆಂಬರ್ 12ರಂದು, ತೊಂಬತ್ತು ವರ್ಷಗಳ ತುಂಬುಬಾಳನ್ನು ಮುಗಿಸಿ, ವೆಸ್ಟ್ ಮಾಲ್ವರ್ನ್ ಎಂಬಲ್ಲಿ ಅವರು ಕಾಲವಶರಾದರು. ಮಗ ಜಾನ್ ಲೂಯಿಸ್ ರೋಜೆ 1879ರಲ್ಲಿ ಗ್ರಂಥವನ್ನು ಪರಿಷ್ಕರಿಸಿ ಸೂಚಿಯನ್ನು ಬಹಳವಾಗಿ ವಿಸ್ತರಿಸಿದರು. ಅನಂತರ ಮೊಮ್ಮಗ ಸ್ಯಾಮ್ಯುಯಲ್ ರಾಮಿಲಿ ರೋಜೆ ಆ ಕಾರ್ಯವನ್ನು ಮುಂದುವರಿಸಿದರು. ಸೋದರಮಾವನ ಹೆಸರು ಹೀಗೆ ಮೊಮ್ಮಗನಲ್ಲಿ ಉಳಿದುಬಂದಿತು.

ಇಂದು ಗಣಕಯಂತ್ರವು ಒಂದು ಪದಕ್ಕೆ ಕ್ಷಣಾರ್ಧದಲ್ಲಿ ಹತ್ತು ಸಮಾನಪದಗಳನ್ನು ಮುಂದಿಡುತ್ತದೆ. ವಿದ್ಯಾರ್ಥಿಯು ಅವುಗಳಲ್ಲಿ ಮೊದಲನೆಯದನ್ನು ಎತ್ತಿ ಬರೆದುಬಿಟ್ಟರೆ, ಹಗುರವಾದ ಹೊರೆಯು ಹೊಳೆಯುವ ಹೊರೆಯಾಗಿ ನಗೆಪಾಟಲಾಗುತ್ತದೆ. ಪದದ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಈ ವಾಕ್ಯದಲ್ಲಿ ಈ ಪದ ಯಾವ ಅರ್ಥವನ್ನು ಹೊತ್ತಿದೆ ಎಂದು ಕೇಳಿಸುವ ಅಭ್ಯಾಸವೇ ಭಾಷಾಬೋಧನೆಯ ತಿರುಳು. ಒಂದು ನಾನಾರ್ಥ ಪದವನ್ನು ಕರಿಹಲಗೆಯ ಮೇಲೆ ಬರೆದು, ಅದರ ಅರ್ಥಗಳನ್ನು ಬೇರ್ಪಡಿಸಿ, ಒಂದೊಂದು ಅರ್ಥಕ್ಕೂ ಬೇರೆ ಬೇರೆ ಬಳಗವನ್ನು ಮಕ್ಕಳಿಂದಲೇ ಕಟ್ಟಿಸಿದರೆ ರೋಜೆಯವರ ವಿಧಾನ ತರಗತಿಯಲ್ಲಿ ಜೀವ ತಳೆಯುತ್ತದೆ. ಗ್ರಂಥಾಲಯಗಳಿಗೆ ಉದಾರವಾಗಿ ನೆರವೀಯುವ ದಾನಿಗಳು ಕಥೆ ಕಾವ್ಯಗಳ ಜೊತೆಗೆ ಇಂಥ ಕೋಶಗಳನ್ನೂ ಕಪಾಟಿಗೆ ಸೇರಿಸಿದರೆ ಆ ದಾನ ಸಾರ್ಥಕವಾದೀತು. ಇಪ್ಪತ್ತಾರರ ವಯಸ್ಸಿನಲ್ಲಿ ತನ್ನ ಕೊರತೆಯನ್ನು ತುಂಬಿಕೊಳ್ಳಲು ಬರೆದಿಟ್ಟ ಟಿಪ್ಪಣಿಯನ್ನು ಎಪ್ಪತ್ತಮೂರರಲ್ಲಿ ಲೋಕದ ಆಸ್ತಿಯನ್ನಾಗಿಸಿದ ಆ ತಾಳ್ಮೆ, ಕಲಿಯುವವರಿಗೂ ಕಲಿಸುವವರಿಗೂ ಸಮನಾಗಿ ಆದರ್ಶಪ್ರಾಯವಾದುದು.