ವಿಲಿಯಂ ಹರ್ಷೆಲ್

ವಿಲಿಯಂ ಹರ್ಷೆಲ್ (೧೫ ನವೆಂಬರ್ ೧೭೩೮ – ೨೫ ಆಗಸ್ಟ್ ೧೮೨೨) ಜರ್ಮನಿಯ ಹ್ಯಾನೋವರಿನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಖಗೋಳವಿಜ್ಞಾನಿ. ಯುರೇನಸ್ ಗ್ರಹವನ್ನು ಕಂಡುಹಿಡಿದವನೆಂದು ಪ್ರಸಿದ್ಧನಾದ ಈತ ವೃತ್ತಿಯಿಂದ ಸಂಗೀತಗಾರ. ದೂರದರ್ಶಕದ ಕನ್ನಡಿಗಳನ್ನು ಮನೆಯಲ್ಲಿಯೇ ಎರಕ ಹೊಯ್ದು, ಉಜ್ಜಿ, ಮೆರುಗುಗೊಳಿಸಿದ ಕುಶಲಕರ್ಮಿಯೂ ಹೌದು.

ಆರಂಭಿಕ ಜೀವನ

ತಂದೆ ಸೇನಾ ವಾದ್ಯವೃಂದದ ವಾದಕ. ೧೭೫೭ರಲ್ಲಿ ಇಂಗ್ಲೆಂಡಿಗೆ ಬಂದ ಹರ್ಷೆಲ್ ೧೭೬೬ರಲ್ಲಿ ಬಾತ್ ನಗರದ ಪ್ರಾರ್ಥನಾಮಂದಿರವೊಂದರಲ್ಲಿ ಆರ್ಗನ್ ವಾದಕನಾದನು. ೧೭೭೨ರಲ್ಲಿ ತಂಗಿ ಕ್ಯಾರೊಲಿನಳನ್ನು ತನ್ನ ಬಳಿಗೆ ಕರೆತಂದನು.

ಕನ್ನಡಿಗಳ ತಯಾರಿಕೆ

ದೊಡ್ಡ ಕನ್ನಡಿಯ ಬೆಲೆ ಕೈಗೆಟುಕದಿದ್ದುದರಿಂದ ೧೭೭೩ರಲ್ಲಿ ಹರ್ಷೆಲ್ ತಾನೇ ಅದನ್ನು ತಯಾರಿಸಲು ನಿರ್ಧರಿಸಿದನು. ಈ ಹವ್ಯಾಸವನ್ನು ಕೈಬಿಟ್ಟಿದ್ದ ಬಾತ್‌ನ ನಿವಾಸಿಯೊಬ್ಬನಿಂದ ಉಜ್ಜುವ ಉಪಕರಣಗಳನ್ನೂ ಅರೆಬರೆಯಾಗಿದ್ದ ಕನ್ನಡಿಗಳನ್ನೂ ಕೊಂಡನು. ಗಾಜಿಗೆ ಬೆಳ್ಳಿಯ ಲೇಪ ಕೊಟ್ಟು ದೂರದರ್ಶಕದ ಕನ್ನಡಿ ಮಾಡುವ ವಿಧಾನ ಆಗಿನ್ನೂ ಬಂದಿರಲಿಲ್ಲ. ತಾಮ್ರ ಮತ್ತು ತವರಗಳ ಮಿಶ್ರಲೋಹವೇ ಕನ್ನಡಿಯಾಗಬೇಕಿತ್ತು.

ಕನ್ನಡಿಯ ಮೇಲ್ಮೈ ತಗ್ಗಾಗಿರಬೇಕು. ಆದ್ದರಿಂದ ಉಜ್ಜುವ ಉಪಕರಣದ ಮೇಲ್ಮೈ ಅಷ್ಟೇ ಉಬ್ಬಾಗಿರಬೇಕು. ನಡುವೆ ಕುರುಂದದ ಪುಡಿ ಮತ್ತು ನೀರನ್ನು ಹಾಕಿ, ಮೊದಲು ತರಿಯಾದ, ಅನಂತರ ನುಣುಪಾದ ಪುಡಿಯಿಂದ ಉಜ್ಜಲಾಗುತ್ತದೆ. ಕೊನೆಯ ಮೆರುಗಿಗೆ ರಾಳ ಲೇಪಿಸಿದ ಉಪಕರಣ ಬೇಕು. ಈ ಹಂತದಲ್ಲಿ ಕೈ ತೆಗೆದರೆ ಆಕಾರ ಕೆಡುವುದೆಂದು ಹರ್ಷೆಲ್ ಒಮ್ಮೆ ೧೬ ಗಂಟೆಗಳ ಕಾಲ ಬಿಡದೆ ಉಜ್ಜಿದನು. ಕ್ಯಾರೊಲಿನ್ ಅವನ ಬಾಯಿಗೆ ತುತ್ತಿಡುತ್ತಿದ್ದಳು. ತಮ್ಮ ಅಲೆಕ್ಸಾಂಡರನೂ ಯಂತ್ರಭಾಗಗಳನ್ನು ಮಾಡಿಕೊಡುತ್ತಿದ್ದನು. ಮನೆಯೇ ಕಾರ್ಯಾಗಾರವಾಗಿತ್ತು.

ಯುರೇನಸ್

೧೭೮೧ರ ಮಾರ್ಚ್ ೧೩ರಂದು, ಸುಮಾರು ೬ ಅಂಗುಲ ವ್ಯಾಸದ ಕನ್ನಡಿಯುಳ್ಳ ೭ ಅಡಿಯ ದೂರದರ್ಶಕದಲ್ಲಿ ಹರ್ಷೆಲ್ ಯುರೇನಸ್ಸನ್ನು ಕಂಡನು. ಮೊದಲು ಅದನ್ನು ಧೂಮಕೇತುವೆಂದೇ ಭಾವಿಸಿದನು. ಇದನ್ನು ಆಕಸ್ಮಿಕ ಶೋಧವೆನ್ನುವುದುಂಟು. ಆದರೆ ಅದು ಪೂರ್ಣ ಸತ್ಯವಲ್ಲ. ೧೬೯೦ರಲ್ಲಿಯೇ ಫ್ಲಾಮ್‌ಸ್ಟೀಡ್ ಇದೇ ಗ್ರಹವನ್ನು ನೋಡಿ ನಕ್ಷತ್ರವೆಂದು ದಾಖಲಿಸಿದ್ದನು. ಹರ್ಷೆಲನ ಕನ್ನಡಿಯಲ್ಲಿ ಅದು ಚುಕ್ಕೆಯಾಗಿರದೆ ಪುಟ್ಟ ಬಿಂಬವಾಗಿ ತೋರಿತು.

ದೊಡ್ಡ ದೂರದರ್ಶಕಗಳು

ಅದೇ ವರ್ಷದ ಆಗಸ್ಟ್‌ನಲ್ಲಿ ೩ ಅಡಿ ವ್ಯಾಸದ ಕನ್ನಡಿಯ ಎರಕ ನಡೆಯಿತು. ಅಚ್ಚು ಜೇಡಿಮಣ್ಣು ಮತ್ತು ಕುದುರೆಯ ಲದ್ದಿಯದು; ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವರಲ್ಲಿ ಕ್ಯಾರೊಲಿನಳೂ ಒಬ್ಬಳು. ಮೊದಲ ಕನ್ನಡಿ ಆರುವಾಗ ಸೀಳಿತು. ಎರಡನೆಯ ಸಲ ಕರಗಿದ ಲೋಹ ಸೋರಿ ನೆಲದ ಮೇಲೆ ಹರಿಯಿತು, ಕಲ್ಲುಹಾಸು ಸಿಡಿಯಿತು, ಎಲ್ಲರೂ ಹೊರಗೋಡಿದರು.

ಮುಂದೆ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ ೨೦೦ ಪೌಂಡುಗಳ ವೇತನ ನೀಡಿದನು. ಅವನ ನೆರವಿನಿಂದ ೧೭೮೯ರಲ್ಲಿ ಪೂರ್ಣಗೊಂಡ ೪೦ ಅಡಿಯ ದೂರದರ್ಶಕಕ್ಕೆ ಹೆಸರೇನೋ ದೊಡ್ಡದು. ಆದರೆ ಅದರ ೪೮ ಅಂಗುಲದ ಲೋಹದ ಕನ್ನಡಿ ಬೇಗನೆ ಮಾಸುತ್ತಿತ್ತು, ಅದನ್ನು ತಿರುಗಿಸುವುದೂ ಶ್ರಮದ ಕೆಲಸ. ಹರ್ಷೆಲ್ ಹೆಚ್ಚಿನ ವೀಕ್ಷಣೆಗಳನ್ನು ನಡೆಸಿದ್ದು ೨೦ ಅಡಿಯ ದೂರದರ್ಶಕದಿಂದಲೇ.

ಈತ ಸ್ಲೌ ಊರಿನಲ್ಲಿ ನಿಧನನಾದನು. ಬಾತ್‌ನ ನ್ಯೂ ಕಿಂಗ್ ಬೀದಿಯ ೧೯ನೇ ಸಂಖ್ಯೆಯ ಮನೆ ಈಗ ವಸ್ತುಸಂಗ್ರಹಾಲಯವಾಗಿದ್ದು, ಅಂದು ಬಿರುಕುಬಿಟ್ಟ ನೆಲಗಲ್ಲುಗಳನ್ನು ಅದರ ಕಾರ್ಯಾಗಾರದಲ್ಲಿ ಇಂದಿಗೂ ಕಾಣಬಹುದು.