ಕೆಂಗಲ್ ಹನುಮಂತಯ್ಯನವರ ಕಲ್ಲಿನ ಸೌಧ

ಶಿಲೆಗಳ ಪಾಠದಲ್ಲಿ ಗ್ರಾನೈಟಿಗೆ ಉದಾಹರಣೆಯಾಗಿ ನಾನು ವಿಧಾನಸೌಧದ ಚಿತ್ರ ತೋರಿಸಿದೆ. ಮಕ್ಕಳು ಕಲ್ಲಿಗಿಂತ ಹೆಚ್ಚಾಗಿ ಕೇಳಿದ್ದು ಅದನ್ನು ಕಟ್ಟಿಸಿದವರ ಬಗ್ಗೆ.

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಹನುಮಂತಯ್ಯನವರು ವಕೀಲರಾದರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡರು, 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ನೆಹರೂ 1951ರಲ್ಲೇ ಅಡಿಗಲ್ಲು ಹಾಕಿದ್ದ ಕಟ್ಟಡದ ನಕ್ಷೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಎದುರಿಗೆ ಬ್ರಿಟಿಷರ ಕಾಲದ ಕೆಂಪು ಅಠಾರ ಕಚೇರಿ ನಿಂತಿತ್ತು. ಜನರ ಸರ್ಕಾರದ ಮನೆ ನಮ್ಮ ದೇಗುಲ, ಅರಮನೆಗಳ ಕೆತ್ತನೆ ಹೊತ್ತು ನಿಲ್ಲಬೇಕೆಂದು ಹಟ ಹಿಡಿದರು. ದೇಗುಲದಂಥ ಕಂಬಗಳು, ಅರಮನೆಯಂಥ ಗೋಪುರಗಳು, ನೆತ್ತಿಯ ಮೇಲೆ ಅಶೋಕನ ಸಿಂಹ: ಹಲವು ಆಳ್ವಿಕೆಗಳ ಗುರುತು ಬೀದಿಯಲ್ಲಿ ಹೋಗುವ ಎಲ್ಲರಿಗೂ ಕಾಣುವಂತೆ ಬಂತು. ಕಟ್ಟಿದವರಲ್ಲಿ ಕೈದಿಗಳೂ ಇದ್ದರು (ಈ ಮಾತಿಗೆ ಹಿಂದಿನ ಬೆಂಚಿನವರೂ ತಲೆಯೆತ್ತಿದರು).

ವೆಚ್ಚ ಸುಮಾರು 1.75 ಕೋಟಿ ರೂಪಾಯಿಗೆ ಏರಿತು. ದುಂದುಗಾರಿಕೆಯೆಂದು ಟೀಕೆ ಎದ್ದು ವಿಚಾರಣೆಯೂ ನಡೆಯಿತು. ಅಂದಿನ ಬಡತನ ನೆನೆದರೆ ಆ ಪ್ರಶ್ನೆ ತಪ್ಪೆಂದು ನನಗನಿಸುವುದಿಲ್ಲ. ಆದರೆ ಕುತ್ತು ಬಂದದ್ದು ಅದೊಂದರಿಂದಲೇ ಅಲ್ಲ. ಏಕೀಕರಣವಾದರೆ ಹಳೇ ಮೈಸೂರಿನ ಹಿಡಿತ ಸಡಿಲವಾದೀತೆಂದು ಅಂಜಿದ ತಮ್ಮ ಪಕ್ಷದವರನ್ನೇ ಎದುರುಹಾಕಿಕೊಂಡು ಅವರು ಅದರ ಪರ ನಿಂತಿದ್ದರು. 1956ರ ಆಗಸ್ಟಿನಲ್ಲಿ ಅಧಿಕಾರ ಹೋಯಿತು. ನವೆಂಬರ್ 1ರಂದು ಏಕೀಕೃತ ರಾಜ್ಯ ಹುಟ್ಟಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಹನುಮಂತಯ್ಯನವರು ಮುಂದೆ ಕೇಂದ್ರದಲ್ಲಿ ರೈಲ್ವೆ ಸಚಿವರಾದರು, 1980ರಲ್ಲಿ ತೀರಿಕೊಂಡರು. ತಾವು ಕಟ್ಟಿಸಿದ ಸೌಧದಲ್ಲಿ ಮುಖ್ಯಮಂತ್ರಿಯಾಗಿ ಕೂರುವುದು ಅವರಿಗೆ ಒದಗಲೇ ಇಲ್ಲ.