ಬಾಲವನದ ಕಾರಂತರು

ಡಾ. ಶಿವರಾಮ ಕಾರಂತರ ಕಾದಂಬರಿಗಳನ್ನು ಓದದ ಕನ್ನಡಿಗ ವಿದ್ಯಾರ್ಥಿ ವಿರಳ. ಆದರೆ ಪುತ್ತೂರಿನವರಾದ ನಮಗೆ ಅವರು ಮೊದಲು ನೆನಪಾಗುವುದು ಪರ್ಲಡ್ಕದ ಬಾಲವನದಿಂದ. ಆದುದರಿಂದ ಆ ಮಹನೀಯರ ಬಾಳಿನ ಈ ಒಂದು ಮುಖವನ್ನಷ್ಟೇ ಇಲ್ಲಿ ಬರೆಯಲೆಳಸಿದ್ದೇನೆ.

1902ನೆಯ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ಖಾದಿ, ಪತ್ರಿಕೆ, ನಾಟಕಗಳೆಂದು ಊರೂರು ಅಲೆದವರನ್ನು ಪುತ್ತೂರಿನಲ್ಲಿ ನಿಲ್ಲಿಸಿದುದು ಮೊಳಹಳ್ಳಿ ಶಿವರಾಯರ ಸ್ನೇಹ ಮತ್ತು ಇಲ್ಲಿಯ ದಸರಾ ನಾಡಹಬ್ಬ.

ಆ ಕಾಲದಲ್ಲಿ ಶಾಲೆಯೆಂದರೆ ಬೆತ್ತ ಮತ್ತು ಬಾಯಿಪಾಠ. ಅಂಜಿದ ಮಗು ಒಪ್ಪಿಸುತ್ತದೆಯೇ ಹೊರತು ಕಲಿಯುವುದಿಲ್ಲವೆಂಬುದನ್ನು ಕಾರಂತರು ಕಂಡುಕೊಂಡಿದ್ದರು. 1930ರ ದಶಕದಲ್ಲಿ ಅವರು ಬಾಲವನದಲ್ಲಿ ತೆರೆದ ಶಾಲೆಯಲ್ಲಿ ಆಟವೂ ಪಾಠವೂ ಬೇರೆಯಾಗಿರಲಿಲ್ಲ. ಹಾಡು, ಕುಣಿತ, ನಾಟಕ, ಚಿತ್ರ ಇವೇ ಅಲ್ಲಿಯ ಪಾಠಗಳು. ದೊಡ್ಡವರೆಂಬ ಬಿಂಕವನ್ನು ಬದಿಗಿಟ್ಟು ಕಾರಂತರು ಮಕ್ಕಳೊಡನೆ ತಾವೂ ಕುಣಿದರು. 1936ರಲ್ಲಿ ಜಾತಿಯ ಗೋಡೆಯನ್ನು ದಾಟಿ ಲೀಲಾ ಆಳ್ವರ ಕೈಹಿಡಿದರು. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಬರೆದುದೂ ಆ ದಿನಗಳಲ್ಲೇ. ಒಂದು ಸಂಸ್ಥೆ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದರು.

ಇಲ್ಲಿ ನನ್ನದೊಂದು ಮಾತು. ನಾನು ಚಿಕ್ಕಂದಿನಲ್ಲಿ ಕಲಿತ ಶಾಲೆಯಲ್ಲಿ ನಲವತ್ತು ಮಂದಿಗೆ ಒಂದೇ ಚೆಂಡು. ಸಾಲಿನಲ್ಲಿ ಕಾದು ನಿಂತು, ಸರದಿ ಬಂದಾಗ ಕಣ್ಣು ಮುಚ್ಚಿ ಕೈಚಾಚುತ್ತಿದ್ದೆ; ಚೆಂಡು ಎದೆಗೆ ಬಡಿಯುತ್ತಿತ್ತು, ಉಳಿದವರು ನಗುತ್ತಿದ್ದರು. ಮುಂದೆ ರಜೆಯಲ್ಲಿ ಸುಳ್ಯದ ಅಜ್ಜನ ಮನೆಗೆ ಹೋದಾಗ ಅಕ್ಕ ತೆಂಗಿನ ಗರಿಯಲ್ಲಿ ಚೆಂಡು ಹೆಣೆದು ನನ್ನೆದುರು ಎರಡು ಮಾರು ದೂರದಲ್ಲಿ ಕುಳಿತಳು. ಮೊದಲು ಉರುಳಿಸಿದಳು; ಆಮೇಲೆ ಕೆಳಗಿನಿಂದ ಮೆಲ್ಲನೆ ಎಸೆದಳು. ಗರಿಯ ಚೆಂಡು ತಾಗಿದರೆ ನೋವಿಲ್ಲ, ಆದುದರಿಂದ ಕಣ್ಣು ಮುಚ್ಚಲಿಲ್ಲ. ಹಿಡಿದಾಗಲೆಲ್ಲ ಇಬ್ಬರೂ ಒಂದು ಹೆಜ್ಜೆ ಹಿಂದೆ. ತಪ್ಪಿದರೆ ಒಂದು ಹೆಜ್ಜೆ ಮುಂದೆ. ಸಂಜೆಯ ಹೊತ್ತಿಗೆ ಅಂಗಳದ ಈ ಕೊನೆಗೆ ಅವಳು, ಆ ಕೊನೆಗೆ ನಾನು. ಕಾರಂತರು ಚೆಂಡಾಟದ ಪಾಠವನ್ನು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಬಾಲವನದ ವಿಚಾರವನ್ನು ಓದುವಾಗಲೆಲ್ಲ ನನಗೆ ಆ ಅಂಗಳವೇ ಕಣ್ಣಿಗೆ ಕಟ್ಟುತ್ತದೆ.

ಕಾರಂತರ ಶಾಲೆ ಬಹುಕಾಲ ಬಾಳಲಿಲ್ಲ. ಇಂಥ ಪ್ರಯೋಗಕ್ಕೆ ಹಣವೂ ಬೇಕು, ಮಕ್ಕಳನ್ನು ನಂಬಿ ಕಳುಹಿಸುವ ತಂದೆತಾಯಿಗಳೂ ಬೇಕು. ಶಾಲೆ ನಿಂತರೂ ಕಾರಂತರು ಮಕ್ಕಳನ್ನು ಮರೆಯಲಿಲ್ಲ. ಮಕ್ಕಳಿಗಾಗಿ ಬರೆಯುತ್ತಲೇ ಇದ್ದರು. ಬಾಲವನದಲ್ಲಿದ್ದ ಕಾಲದಲ್ಲೇ ಸುಬ್ರಹ್ಮಣ್ಯದ ಕಾಡುಮಲೆಗಳ ಬದುಕು 1943ರ 'ಬೆಟ್ಟದ ಜೀವ'ವಾಯಿತು. ಕಡಬ, ಸುಳ್ಯದ ಕಡೆಯ ನಮ್ಮ ಸಹಪಾಠಿಗಳಿಗೆ ಆ ದಾರಿಗಳು ಇಂದಿಗೂ ಪರಿಚಿತ. ಕಾರಂತರು ಮುಂದೆ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದರು. 1977ರ ಜ್ಞಾನಪೀಠ ಪ್ರಶಸ್ತಿ ಬಂದುದು 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ. 1997ನೆಯ ಡಿಸೆಂಬರ್ 9ರಂದು ತೀರಿಕೊಂಡರು.

ಅವರಿದ್ದ ಮನೆ, ನಾಟ್ಯಶಾಲೆಗಳು ಪರ್ಲಡ್ಕದ ಮರಗಳ ನಡುವೆ ಈಗಲೂ ಇವೆ. ಹೋದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಮರದಡಿಯಲ್ಲಿ ಇಬ್ಬರು ಹುಡುಗಿಯರು ಎದುರುಬದುರು ನಿಂತು ಚೆಂಡೆಸೆದಾಡುತ್ತಿದ್ದರು. ಚಿಕ್ಕವಳ ಕೈ ತಪ್ಪಿತು. ದೊಡ್ಡವಳು ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಎಸೆದಳು.